ಕೊನೆಯ ಮೂರು ಚಪ್ಪಾಳೆ

ನಾನು ದೆವ್ವ ನಂಬುವವನಲ್ಲ. ಯೂಸ್ಟೇಸ್‌ನನ್ನೂ ಅಷ್ಟಾಗಿ ನಂಬುವವನಲ್ಲ. ಶಿರ್ವ ಊರಿನ ಅವನು ದೋಹಾದ ಬಿನ್ ಒಮ್ರಾನ್‌ನ ಫ್ಲಾಟಿನಲ್ಲಿ ನನ್ನ ಜೊತೆಗಿದ್ದ. ಯಾರೋ ಬಿಟ್ಟುಹೋದ ಸಾಮಾನಿನಲ್ಲಿ ಅವನಿಗೊಂದು ಎಲ್‌ಪಿ ರೆಕಾರ್ಡ್ ಸಿಕ್ಕಿತ್ತು. ‘ಟಿನ್ ಪೆಲಿಕನ್’ ಎಂಬ, ನಾವ್ಯಾರೂ ಹೆಸರು ಕೇಳಿರದ ಸೈಕೆಡೆಲಿಕ್ ರಾಕ್ ತಂಡ 1968ರ ಸಂಗೀತೋತ್ಸವವೊಂದರಲ್ಲಿ, ಸುರಿಯುವ ಮಳೆಯಲ್ಲಿ ನುಡಿಸಿದ್ದು.

ವಾರದ ರಜೆಯ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಅದನ್ನು ತನ್ನ ಪ್ಲೇಯರಿಗೆ ಹಾಕುತ್ತಿದ್ದ. ಪ್ರತಿ ಹಾಡಿನ ಕೊನೆಗೆ ಸಾವಿರಾರು ಜನರ ಚಪ್ಪಾಳೆ. ಎಲ್ಲರೂ ನಿಲ್ಲಿಸಿದ ಮೇಲೆ ಒಬ್ಬರದೇ ಮೂರು ಚಪ್ಪಾಳೆ, ನಿಧಾನಕ್ಕೆ, ಒದ್ದೆ ಕೈಯಲ್ಲಿ ತಟ್ಟಿದ ಹಾಗೆ. ಅದು ಮಾತ್ರ ಸ್ಪೀಕರಿನಿಂದಲ್ಲ, ಕಪಾಟಿನ ಬದಿಯಿಂದ ಬರುತ್ತಿತ್ತು. ಅಲ್ಲಿ ಕಾರ್ಪೆಟ್ ಒದ್ದೆ. ಹನಿ ಮಳೆಯಿಲ್ಲದ ಆಗಸ್ಟಿನ ದೋಹಾದಲ್ಲಿ ಕೆಸರಿನ ವಾಸನೆ. ಎಸಿ ಸೋರುತ್ತಿರಲಿಲ್ಲ, ನಾನೇ ನೋಡಿದ್ದೆ.

“ಮೊಬೈಲ್ ಅಡಗಿಸಿಟ್ಟು ನನ್ನನ್ನು ಮಂಗ ಮಾಡ್ತೀಯಾ?” ಎಂದು ಜಗಳ ತೆಗೆದೆ.

“ದೇವರಾಣೆ ನಾನಲ್ಲ ಮಾರಾಯ,” ಎಂದ.

ನಾನು ನಂಬಲಿಲ್ಲ. ಅವನು ಸಿಟ್ಟಿನಲ್ಲಿ ಪ್ಲೇಯರು, ರೆಕಾರ್ಡು ಎರಡನ್ನೂ ಎತ್ತಿಕೊಂಡು ಅಲ್ ಮನ್ಸೂರಾದ ಅಕ್ಕನ ಮನೆಗೆ ಹೋದ.

ಮರುದಿನ ಫೋನ್ ಮಾಡಿದ. “ಬ್ರಯನ್, ಇಲ್ಲಿ ಹಾಕಿ ನೋಡಿದೆ. ಕೊನೆಯ ಆ ಮೂರು ಚಪ್ಪಾಳೆ ಇದರಲ್ಲಿ ಇಲ್ಲವೇ ಇಲ್ಲ.”

ಇದೂ ಅವನ ನಾಟಕವೇ ಎಂದುಕೊಂಡು ಫೋನ್ ಇಟ್ಟೆ. ಸಂಜೆ ಒಬ್ಬನೇ ಜಪಸರ ಮುಗಿಸಿ, ಊರಿನ ಮನೆಯ ರೂಢಿಯಂತೆ ಮಾತೆ ಮರಿಯಮ್ಮನ ಒಂದು ಹಾಡು ಹೇಳಿದೆ. ಹಾಡು ಮುಗಿಯಿತು. ಕಪಾಟಿನ ಬದಿಯಿಂದ ನಿಧಾನಕ್ಕೆ ಮೂರು ಚಪ್ಪಾಳೆ ಕೇಳಿಸಿದವು.

ಜಪಸರ ನಾನು ಈಗಲೂ ಬಿಟ್ಟಿಲ್ಲ. ಹಾಡುವುದಿಲ್ಲ, ಅಷ್ಟೇ.