ಒಂದು ಮೊಳ ಮೌನ

ಒಂದಾನೊಂದು ಕಾಲದಲ್ಲಿ, ಅಂದರೆ ಬಹಳ ಹಿಂದೇನಲ್ಲ, ಮನೆಮನೆಗೆ ಟೇಪ್ ರೆಕಾರ್ಡರ್ ಬರತೊಡಗಿದ್ದ ಕಾಲದಲ್ಲಿ, ಪೋತ್ತನೂರಿನ ನೇಕಾರರ ಬೀದಿಯ ಮನೆಯೊಂದರಲ್ಲಿ ಒಬ್ಬ ರಾಕ್ಷಸನಿದ್ದ. ಹಗಲೆಲ್ಲ 'ಊಂ' ಎನ್ನುವುದೇ ಅವನ ಕೆಲಸ.

ನೂಲು ಸುತ್ತುವ ಮೋಟಾರು ಅದು. ನಿಲ್ಲಿಸಿದರೆ ಮನೆಯ ಒಲೆ ಉರಿಯದು. ನಿಲ್ಲಿಸದಿದ್ದರೆ ಮೊಮ್ಮಗಳು ಸಾಂತಿಗೆ ಅಜ್ಜಿಯ ಕಥೆಯಿಲ್ಲ. ಕಾಯಿಲೆ ಬಿದ್ದೆದ್ದ ಮುತ್ತಮ್ಮಾಳಜ್ಜಿಯ ದನಿ ನೂಲಿನೆಳೆಯಷ್ಟೇ ಉಳಿದಿತ್ತು. ಸಂಜೆ ಮೋಟಾರು ನಿಲ್ಲುವ ಹೊತ್ತಿಗೆ ಅಜ್ಜಿಗೆ ಮಾತ್ರೆಯ ನಿದ್ದೆ. ಕಥೆಯಲ್ಲಿ ಕುದುರೆ ಏರಿದ ರಾಜಕುಮಾರಿ ಆರನೇ ಕಡಲ ದಡದಲ್ಲೇ ಮೂರು ತಿಂಗಳಿಂದ ನಿಂತಿದ್ದಳು. ಅಜ್ಜಿಯ ಆ ದನಿಯೂ ಹೋಗಿಬಿಟ್ಟರೆ?

ರೇಡಿಯೋ ರಿಪೇರಿಗೆ ಬಂದ ದೇವರಾಜನ್ ಮೇಲೆ ಸಾಂತಿ ರೇಗಿದಳು. "ಸತ್ತ ಪೆಟ್ಟಿಗೇನ ಹಾಡಿಸ್ತೀರ, ಈ ಸದ್ದನ್ನ ಸುಮ್ಮನಿರ್ಸಕ್ಕೆ ಆಗಲ್ವಾ?"

ಅವಳ ಮೂಗುತಿ ಮಿಂಚಿತು. ಅವನ ಸ್ಕ್ರೂಡ್ರೈವರ್ ಬಿತ್ತು.

"ಶುಕ್ರವಾರದೊಳಗೆ ಸುಮ್ಮನಿರಿಸ್ತೀನಿಂಗೊ. ಸತ್ಯಮಾ!"

ಶುಕ್ರವಾರ ಮೈಕು, ಆಂಪ್ಲಿಫೈಯರ್, ಸ್ಪೀಕರ್ ಹೊತ್ತು ಬಂದ. "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು. ಮೈಕು ಮೋಟಾರಿನ ಸದ್ದು ಕೇಳುತ್ತೆ, ಈ ಪೆಟ್ಟಿಗೆ ಅದನ್ನ ತಲೆಕೆಳಗು ಮಾಡಿ ಸ್ಪೀಕರಿಗೆ ಕೊಡುತ್ತೆ. ಅದು ಏಳುವಾಗ ಇದು ಇಳಿಯುತ್ತೆ. ಎರಡೂ ಸೇರಿದ್ರೆ ಸೊನ್ನೆ."

ಸ್ವಿಚ್ ಹಾಕಿದ. ಮನೆಯೇ ಗುಡುಗಿತು.

"ಒಬ್ಬ ರಾಕ್ಷಸ ಸಾಲದು ಅಂತ ಅವನ ತಮ್ಮನನ್ನೂ ಕರ್ಕೊಂಡು ಬಂದ್ರಾ?" ಸಾಂತಿ ಕೂಗಿದಳು. ಅಜ್ಜಿ ಎರಡು ಬೆರಳೆತ್ತಿ ಬೊಚ್ಚುಬಾಯಲ್ಲಿ ನಕ್ಕಳು.

ಅವನ ಕಿವಿ ಕೆಂಪಾಯಿತು. ತಂತಿ ಸಿಗಿಸುವಾಗ ಅವನು ನೋಡುತ್ತಿದ್ದದ್ದು ತಂತಿಯನ್ನಲ್ಲ. ಉಲ್ಟಾ ಸಿಕ್ಕಿಸಿದ್ದ ತಂತಿಗಳನ್ನು ಅದಲುಬದಲು ಮಾಡಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ.

"ಇಲ್ಲಿ ಬನ್ನಿ. ಮೌನ ಇರೋದು ಅಜ್ಜಿ ತಲೆದಿಂಬಿನ ಹತ್ರ, ಒಂದೇ ಮೊಳ."

ಸಾಂತಿ ಬಾಗಿದಳು. ಹೊತ್ತ ಹೊರೆಯನ್ನು ಯಾರೋ ಮೆಲ್ಲಗೆ ಇಳಿಸಿದ ಹಾಗೆ, 'ಊಂ' ಕರಗಿತು.

"ನಿಮಗೆ ಕಥೆ ಬೇಡವಾ?"

"ಜಾಗ ಎಲ್ಲಿದೆ?"

ಅವಳು ಸ್ವಲ್ಪ ಸರಿದಳು. ಅವನೂ ಬಾಗಿದ. ಅವಳ ಮುಡಿಯ ಕನಕಾಂಬರ ಅವನ ಕೆನ್ನೆ ಸವರಿತು.

"ಒಂದು ಸದ್ದು ಇನ್ನೂ ನಿಂತಿಲ್ಲ. ನಿಮ್ಮ ಎದೇದು," ಎಂದು ಪಿಸುಗುಟ್ಟಿದಳು.

"ಅದರ ಸ್ವಿಚ್ ಹಾಕಿದ್ದು ನೀವು. ನಿಲ್ಲಿಸೋ ಪೆಟ್ಟಿಗೆ ನಾನು ಮಾಡಲ್ಲ."

"ಮಾಡಬೇಡಿ."

ಅಜ್ಜಿ ಇಬ್ಬರ ತಲೆಯನ್ನೂ ಮೊಟಕಿ ಕಥೆ ಎತ್ತಿಕೊಂಡಳು. ಕುದುರೆ ಏಳನೇ ಕಡಲು ದಾಟಿತು. ರಾಕ್ಷಸನ ಬಾಯಿ ಕಟ್ಟಿದವನಿಗೇ ರಾಜಕುಮಾರಿ ಮಾಲೆ ಹಾಕಿದಳು.

"ಈ ಕಥೆ ಮೊದಲಿಂದ್ಲೂ ಹಿಂಗೇ ಇತ್ತಾ ಅಜ್ಜೀ?" ಸಾಂತಿ ಕೇಳಿದಳು.

"ಕೊನೇವರೆಗೂ ಕೇಳಿಸ್ತಾ, ನನ್ನ ಕಣ್ಣು?"

"ಒಂದೊಂದು ಮಾತೂ ಕೇಳಿಸ್ತು."