ಹಳೆ ಮಂಡಿಯ ಸದ್ದು

ನಾನು ದರ್ಜಿ. ಮೂವತ್ತು ವರ್ಷ ಯಂತ್ರ ತುಳಿದು ಬಲಮಂಡಿ ಸವೆದುಹೋಗಿತ್ತು. ಹೆಜ್ಜೆ ಇಟ್ಟರೆ ‘ಕಟಕ್’ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ಆ ಸದ್ದು ಕೇಳಿದರೆ ಸಾಕು, ಹೆಂಡತಿ ಅಡುಗೆಮನೆಯಿಂದಲೇ “ಬಂದ್ರಾ?” ಅನ್ನುತ್ತಿದ್ದಳು. ಡಾಕ್ಟರು ಹಳೆ ಕೀಲು ತೆಗೆದು ಲೋಹದ್ದು ಕೂರಿಸಿದರು. “ಇನ್ಮೇಲೆ ಕಳ್ಳನ ಥರ ಬರ್ತೀರಿ ಬಿಡಿ,” ಎಂದು ಹೆಂಡತಿ ನಕ್ಕಳು.

ಏಳು ವಾರವಾದರೂ ಮಂಡಿ ಮಡಚಲಾಗಲಿಲ್ಲ. ವ್ಯಾಯಾಮ ಮಾಡಿಸುವಾಕೆ ಒತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. “ತಡ್ಕೊಳಿ ಅಣ್ಣಾ, ಇಲ್ಲಾಂದ್ರೆ ಹೀಗೇ ಬಿಗಿದುಬಿಡತ್ತೆ.” ದಿನಾ ಟೇಪು ಸುತ್ತಿ ಊತ ಅಳೆಯುತ್ತಿದ್ದೆ. ಅರ್ಧ ಇಂಚೂ ಇಳಿದಿರಲಿಲ್ಲ.

ಕಳೆದ ಸೋಮವಾರ ಮಧ್ಯಾಹ್ನ ಮಂಚದಲ್ಲಿ ನರಳುತ್ತಿದ್ದೆ. ಮೆಟ್ಟಿಲ ಮೇಲೆ ‘ಕಟಕ್’ ಕೇಳಿಸಿತು. “ಬಂದ್ರಾ?” ಅಂದಳು ಹೆಂಡತಿ, ಮೈಮರೆತು. ಮುಂದಿನ ಕೋಣೆಯಲ್ಲಿ ಯಂತ್ರ ಓಡತೊಡಗಿತು. ಮಂಡಿಯ ಮೇಲಿದ್ದ ಐಸಿನ ಚೀಲ ಅಂಗೈಯಂತೆ ಬೆಚ್ಚಗಾಯಿತು. ನೋವು ಪೂರ್ತಿ ನಿಂತಿತು. ಯಂತ್ರ ನಿಂತೊಡನೆ ಮರಳಿತು.

ವಾಕರ್ ಹಿಡಿದು ಹೋಗಿ ನೋಡಿದೆ. ಅರ್ಧಕ್ಕೆ ಬಿಟ್ಟಿದ್ದ ಅಂಗಿ ಹೊಲಿದು ಮುಗಿದಿತ್ತು. ಹೊಲಿಗೆಯ ಕೊನೆಗೆ ಮೂರು ಸಲ ಹಿಂದೆಮುಂದೆ ಓಡಿಸಿದ ಗುರುತಿತ್ತು. ಅದು ನನ್ನ ಕೈಯ ಅಭ್ಯಾಸ.

ಮರುದಿನ ಬೇಕೆಂದೇ ಬಟ್ಟೆ ಕತ್ತರಿಸಿಟ್ಟೆ. ಆ ‘ಕಟಕ್’ ಬಂತು, ಯಂತ್ರ ಓಡಿದಷ್ಟು ಹೊತ್ತು ನೋವಿರಲಿಲ್ಲ. ಗಿರಾಕಿಗಳ ಬಟ್ಟೆ ಮುಗಿದವು, ಕಿಟಕಿಯ ಪರದೆ ಮುಗಿದವು. ನಾನೇ ಹೊಲಿಯುತ್ತಿದ್ದೇನೆಂದು ಹೆಂಡತಿಗೆ ಖುಷಿಯೋ ಖುಷಿ.

ಇವತ್ತು ಅವಳು ಹೊರಗಿನಿಂದ ಬೀಗ ಹಾಕಿಕೊಂಡು ಔಷಧಿ ತರಲು ಹೋದಳು. ಕತ್ತರಿಸಲು ಬೇರೇನೂ ಉಳಿದಿರಲಿಲ್ಲ. ಅವಳ ಮದುವೆಯ ರೇಷ್ಮೆಗೆ ಕತ್ತರಿ ಹಾಕಿ, ಯಂತ್ರದ ಮೇಲಿಟ್ಟು, ಬಂದು ಮಲಗಿದೆ.

ಮೆಟ್ಟಿಲ ಮೇಲೆ ‘ಕಟಕ್’ ಎಂದಿತು.

ಅಡುಗೆಮನೆಯಿಂದ ಅವಳದೇ ದನಿ ಕೇಳಿತು: “ಬಂದ್ರಾ?”