ಎರಡು ನಿಮಿಷ ಹನ್ನೊಂದು ಸೆಕೆಂಡ್

“ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನ ಕೈಗೆ ಕಂಪ್ಯೂಟರ್ ಕೊಟ್ಟೆ ನೋಡಿ, ಮಂಗನ ಕೈಗೆ ಮಾಣಿಕ್ಯ!” ಸ್ಟುಡಿಯೋ ಯಜಮಾನ ಹೀಗಂದಾಗ ಕೋರಸ್ ಹಾಡಲು ಬಂದಿದ್ದ ನಾಲ್ವರೂ ನಕ್ಕರು. ನನ್ನ ಮೈ ಉರಿದುಹೋಯಿತು. ಆ ಯಂತ್ರವನ್ನು ಆರು ವರ್ಷದಿಂದ ನೋಡಿಕೊಂಡವನು ನಾನೇ.

ರೆಕಾರ್ಡಿಂಗ್ ಸಾಫ್ಟ್‌ವೇರ್ ಬೆಳಗ್ಗಿನಿಂದ ಏಳು ಸಲ ಕ್ರ್ಯಾಶ್ ಆಗಿತ್ತು, ಪ್ರತಿ ಸಲವೂ ಹಾಡಿನ ಎರಡು ನಿಮಿಷ ಹನ್ನೊಂದನೇ ಸೆಕೆಂಡಿಗೆ. ಸಂಜೆಯೊಳಗೆ ಸರಿಮಾಡದಿದ್ದರೆ ನಾಳೆಯಿಂದ ಬರಬೇಡ ಎಂದಿದ್ದ ಯಜಮಾನ. ವಿಂಡೋಸ್ ಅಪ್‌ಡೇಟ್ ವಾಪಸ್ ತೆಗೆದೆ, ಸೌಂಡ್ ಕಾರ್ಡಿನ ಡ್ರೈವರ್ ಹೊಸದಾಗಿ ಹಾಕಿದೆ, ಪ್ಲಗಿನ್‌ಗಳನ್ನು ಒಂದೊಂದಾಗಿ ಕಿತ್ತೆ. ಕೊನೆಗೆ ಮೈಕಿನ ವೈರನ್ನೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹಾಡನ್ನು ಓಡಿಸಿದೆ. ಎಂಟನೇ ಸಲವೂ ಅಲ್ಲೇ ಕ್ರ್ಯಾಶ್ ಆಯಿತು.

ಹಾಡುವವರು ಊಟಕ್ಕೆ ಹೋದರು. ಕ್ರ್ಯಾಶ್ ಆದಾಗಲೆಲ್ಲ ಸಾಫ್ಟ್‌ವೇರ್ ತಾನೇ ಒಂದು ನಕಲು ಉಳಿಸಿಡುತ್ತದೆ. ಎಂಟನೆಯದನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಅದೇ ಸೆಕೆಂಡಿಗೆ ಹಾಡು ನಿಂತಿತು, ರೆಕಾರ್ಡಿಂಗ್ ಮಾತ್ರ ನಿಂತಿರಲಿಲ್ಲ. ಯಾರೋ ಮೈಕಿಗೆ ತೀರಾ ಹತ್ತಿರ ಉಸಿರಾಡುತ್ತಿದ್ದರು. ಮಡಿಲಿನ ವೈರು ಮಂಜುಗಡ್ಡೆಯಂತೆ ತಣ್ಣಗಿತ್ತು. ಆಮೇಲೆ ಯಜಮಾನನ ದನಿ: “ಏನೋ, ಆಯ್ತೇನೋ ಪಂಡಿತ?” ನನ್ನ ಹರಿದ ಚಪ್ಪಲಿಯದೇ ಟಪಟಪ ದೂರವಾಯಿತು, ಬಾಗಿಲು ಮುಚ್ಚಿತು. ಮತ್ತೆ ಯಜಮಾನನೇ, ಮೆಲ್ಲಗೆ: “ಅರೆ, ನೀವ್ಯಾವಾಗ ಒಳಗೆ ಬಂದ್ರಿ?”

ಹೆಡ್‌ಫೋನ್ ತೆಗೆದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಯಜಮಾನ ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ.

“ಏನೋ, ಆಯ್ತೇನೋ ಪಂಡಿತ?”

ಕೇಳಿದ್ದನ್ನು ಹೇಳಿ ಎಚ್ಚರಿಸಬಹುದಿತ್ತು. ಆ ನಾಲ್ವರ ನಗು ಇನ್ನೂ ಕಿವಿಯಲ್ಲಿತ್ತು. ನಾನು ಎದ್ದು ಹೊರಗೆ ನಡೆದೆ, ಬಾಗಿಲು ಎಳೆದುಕೊಂಡೆ.